ಪದ್ಮಿನಿಗೆ ಪೆಟ್ರೋಲ್ ಹಾಕಿಸುವ ಮುನ್ನ

ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿತು ಅಂತ ಹಳೇ ಪ್ರೀಮಿಯರ್ ಪದ್ಮಿನಿ ಕಾರನ್ನು ಶೆಡ್ಡಿನಲ್ಲಿ ಕೂಡಿಹಾಕಬೇಕಿಲ್ಲ. ಲೀಟರಿಗೆ 12 ಕಿ.ಮೀ. ಕೊಟ್ಟರೆ ಭಾನುವಾರದ 50 ಕಿ.ಮೀ. ಸುತ್ತಾಟಕ್ಕೆ ನಾಲ್ಕು ಲೀಟರ್ ಚಿಲ್ಲರೆ ಸಾಕು. 8ಕ್ಕೆ ಇಳಿದಿದೆಯೇ? 1089 ಸಿಸಿ ಎಂಜಿನ್ನನ್ನು ಬೈಯುವ ಮೊದಲು ಚೋಕ್ ನೋಡಿ, ಅಂದರೆ ತಣ್ಣಗಿರುವ ಎಂಜಿನ್ ಚಾಲೂ ಆಗಲೆಂದು ಪೆಟ್ರೋಲ್ ಪ್ರಮಾಣ ಹೆಚ್ಚಿಸುವ ಎಳೆಗುಂಡಿ.

ಚೋಕ್ ತೆಗೆದಾಯಿತು ಅಂದುಕೊಂಡಿರುತ್ತೇವೆ. ಕೇಬಲ್ ತುಕ್ಕು ಹಿಡಿದು, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಳಿಯ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಬಾನೆಟ್ ಎತ್ತಿ, ಇನ್ನೊಬ್ಬರಿಗೆ ಒಳಗಿಂದ ಚೋಕ್ ಎಳೆದು ಬಿಡಲು ಹೇಳಿ, ಲಿವರ್ ಪೂರ್ತಿ ವಾಪಸ್ ಬರುತ್ತದೆಯೇ ಗಮನಿಸಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ: ತುದಿ ತಿಳಿ ಕಂದು ಇದ್ದರೆ ಸರಿ, ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿದ ಮೇಲೆ ದಾರಿ ಮುಚ್ಚುವ ಫ್ಲೋಟ್ ನೀಡಲ್ ಸವೆದಿದ್ದರೂ ಇದೇ ಕಥೆ, ಜೊತೆಗೆ ಗಾಡಿ ನಿಲ್ಲಿಸಿದ ಮೇಲೆ ಪೆಟ್ರೋಲ್ ವಾಸನೆ ಬೇರೆ.

ಬ್ರೇಕ್ ಹಿಡಿದುಕೊಂಡಿದ್ದರೆ ಯಾವ ಟ್ಯೂನಿಂಗೂ ಉಪಯೋಗವಿಲ್ಲ. ಜಾಕ್ ಹಾಕಿ ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ.

ಶೇ. 20 ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲ್ ಇನ್ನೊಂದು ತಲೆನೋವು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಮೈಲೇಜ್ ತುಸು ಬಿದ್ದೇ ಬೀಳುತ್ತದೆ. ಅದಕ್ಕಿಂತ ಮುಖ್ಯ, ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಮ್ (ತೆಳು ಪೊರೆ) ಊದಿ ಬಿರಿಯುತ್ತವೆ. ಪೈಪನ್ನು ಬೆರಳಲ್ಲಿ ಒತ್ತಿ. ಮೆತ್ತಗಾಗಿ ಅಂಟಿದರೆ ಅಂದೇ ಬದಲಿಸಿ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿಯೇ. ಎಥನಾಲ್ ತೇವ ಹೀರುವುದರಿಂದ ಹಳೇ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂರಬಾರದು.

ಹದಿನೈದು ದಿನಕ್ಕೊಮ್ಮೆ 20 ಕಿ.ಮೀ. ಒಟ್ಟಿಗೆ ಓಡಿಸಿ. ದಿನಾ ಹಾಲಿನಂಗಡಿಗೆ ಹೋಗಿ ಬಂದರೆ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ, ಪೆಟ್ರೋಲೆಲ್ಲ ಚೋಕಿಗೇ ಹೋಗಿರುತ್ತದೆ.