ಸಂಜೆ ಭಜಿಯ ಜಾಗಕ್ಕೆ ಒಂದು ಮುಷ್ಟಿ ಶೇಂಗಾ: ಶ್ರಾವಣದಿಂದ ಎಳ್ಳಮವಾಸ್ಯೆವರೆಗೆ

ಈ ಡೈರಿಯನ್ನು ಮೊದಲ ಸಲ ಓದುತ್ತಿರುವವರಿಗಾಗಿ ಹಿಂದಿನದನ್ನು ಚುಟುಕಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) 212, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 36, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 138, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) 6.1 ಬಂದಿದ್ದವು. ಸೊಂಟದ ಸುತ್ತಳತೆ 97 ಸೆಂಟಿಮೀಟರ್. ಟ್ರೈಗ್ಲಿಸರೈಡ್ 150ರೊಳಗಿರಬೇಕು, ಗಂಡಸರ ಎಚ್‌ಡಿಎಲ್ 40ಕ್ಕಿಂತ ಇಳಿಯಬಾರದು, ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದರ್ಥ. ಸೊಂಟಕ್ಕೆ ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಮಿತಿ. ಇವುಗಳಲ್ಲಿ ಒಂದು ಕೆಟ್ಟವರಲ್ಲಿ ಉಳಿದವೂ ಕೆಟ್ಟಿರುವುದು ಸಾಮಾನ್ಯ. ಗುಳಿಗೆ ಬರೆಯುವ ಮೊದಲು ಊಟ ತಿದ್ದಿಕೊಂಡು ಬರ್ರಿ ಎಂದು ಡಾಕ್ಟರು ಹೇಳಿದರು. ಕಲಬುರಗಿಯ ಅಪ್ಪನ ಕೆರೆ ಸುತ್ತ ನಡಿಗೆ ಮೊದಲಿಂದಲೂ ಇತ್ತು. ಹಾಗಾಗಿ ಊಟಕ್ಕೇ ಕೈ ಹಚ್ಚಿದೆ, ಅದರಲ್ಲೂ ಸಂಜೆಗೆ.

ನಮ್ಮ ಕಡೆಯ ಮಧ್ಯಾಹ್ನದ ಊಟ ಚಲೋ ಊಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಹಸಿ ಉಳ್ಳಾಗಡ್ಡಿ, ಮೊಸರು ಇದ್ದ ತಾಟಿನಲ್ಲಿ ತೆಗೆದುಹಾಕುವಂಥದ್ದು ಏನಿದೆ? ಲೆಕ್ಕ ತಪ್ಪುವುದು ಹೊತ್ತು ಮುಳುಗುವಾಗ. ಸೂಪರ್ ಮಾರ್ಕೆಟ್ ಕಡೆ ಹೋದರೆ ಬಿಸಿ ಮಿರ್ಚಿ ಭಜಿ, ಮನೆಯಲ್ಲಿದ್ದರೆ ಚಹಾದ ಜೊತೆ ಸೇವು, ಬಿಸ್ಕಿಟು. ಆ ಒಂದು ಹೊತ್ತಿನದನ್ನು ತೆಗೆದು ಆ ಜಾಗಕ್ಕೆ 30 ಗ್ರಾಂ ನಟ್ಸ್ ಇಡುವುದು, ಬೇರೆ ಏನನ್ನೂ ಬದಲಿಸದಿರುವುದು. ಪ್ರಯೋಗ ಇಷ್ಟೇ.

ಶ್ರಾವಣ

30 ಗ್ರಾಂ ಎಂಬ ಅಳತೆ ಸ್ಪೇನಿನ ಪ್ರೆಡಿಮೆಡ್ ಅಧ್ಯಯನದ್ದು. ಹೃದಯದ ಕಾಯಿಲೆ ಇನ್ನೂ ಬಂದಿರದ, ಆದರೆ ಬರುವ ಅಪಾಯ ಹೆಚ್ಚಿದ್ದ 7,447 ಜನರನ್ನು ಅಲ್ಲಿ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ (ತರಕಾರಿ, ಹಣ್ಣು, ಕಾಳು, ಮೀನು ಹೆಚ್ಚಿರುವುದು) ಜೊತೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ಅದೇ ಊಟದ ಜೊತೆ ದಿನಕ್ಕೆ 30 ಗ್ರಾಂ ನಟ್ಸ್ (ಅರ್ಧ ಅಕ್ರೋಟ್, ಉಳಿದರ್ಧ ಬದಾಮಿ ಮತ್ತು ಹೇಝಲ್‌ನಟ್), ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ. ಮೊದಲೆರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಸೇರಿ ಸುಮಾರು ಶೇ 30ರಷ್ಟು ಕಡಿಮೆ ಇದ್ದವು. 2013ರಲ್ಲಿ ಬಂದ ಆ ವರದಿಯನ್ನು, ಕೆಲವು ಕೇಂದ್ರಗಳಲ್ಲಿ ಜನರನ್ನು ಗುಂಪಿಗೆ ಹಂಚಿದ ರೀತಿ ಸರಿಯಿರಲಿಲ್ಲವೆಂದು 2018ರಲ್ಲಿ ಹಿಂದಕ್ಕೆ ಪಡೆದು, ಲೆಕ್ಕ ಹೊಸದಾಗಿ ಹಾಕಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ತಪ್ಪನ್ನು ಎಲ್ಲರೆದುರು ತಿದ್ದಿದ ಅಧ್ಯಯನವೆಂದೇ ನನಗೆ ಇದರ ಮೇಲೆ ಭರವಸೆ.

ನಾನು ಅಂಗಡಿಯಿಂದ ಬದಾಮಿ, ಅಕ್ರೋಟ್ ತಂದು ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದಾಗ ಅವ್ವ ದರ ಕೇಳಿದಳು. ಹೇಳಿದೆ.

"ಇಷ್ಟು ರೊಕ್ಕ ಯಾಕ ಹಾಕ್ತಿಯಪಾ? ನಮ್ಮ ಶೇಂಗಾ ಏನ್ ಪಾಪ ಮಾಡ್ಯಾದ?"

ಆ ಪ್ರಶ್ನೆಯೇ ಈ ಯೋಜನೆಯ ದಿಕ್ಕು ಬದಲಿಸಿತು. ಶೇಂಗಾ ದ್ವಿದಳ ಧಾನ್ಯದ ಕುಲದ್ದು, ತೊಗರಿ-ಕಡಲೆಯ ನೆಂಟ. ಆದರೂ ಅದರ ಕೊಬ್ಬಿನ ಸ್ವಭಾವ ಬದಾಮಿಯ ಹತ್ತಿರದ್ದು. 100 ಗ್ರಾಂನಲ್ಲಿ ಸುಮಾರು 49 ಗ್ರಾಂ ಕೊಬ್ಬು, ಅದರಲ್ಲಿ ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು 7 ಗ್ರಾಂ ಮಾತ್ರ, ಜೊತೆಗೆ 25 ಗ್ರಾಂ ಪ್ರೋಟೀನ್. ನಟ್ಸ್ ಮತ್ತು ಹೃದಯದ ನಂಟನ್ನು 1992ರಲ್ಲಿ ಮೊದಲು ಎತ್ತಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರ ಮೇಲಿನ ಅಧ್ಯಯನ. ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ನಟ್ಸ್ ತಿನ್ನುವವರಲ್ಲಿ ಹೃದಯಾಘಾತ, ಅಪರೂಪಕ್ಕೆ ತಿನ್ನುವವರಿಗಿಂತ ಸುಮಾರು ಅರ್ಧದಷ್ಟಿತ್ತು. ಅವರು ತಿನ್ನುತ್ತಿದ್ದ ನಟ್ಸ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಶೇಂಗಾವೇ! ಅವ್ವನಿಗೆ ಇದನ್ನು ಓದಿ ಹೇಳಿದೆ. ಪಂಚಮಿಯ ಶೇಂಗಾ ಉಂಡಿ ಕಟ್ಟುತ್ತಿದ್ದವಳು "ಮತ್ತ?" ಅಂದಳು, ಅಷ್ಟೇ.

ದೀಪಾವಳಿ ಹಿಂದು-ಮುಂದು

ಅಕ್ರೋಟಿನಲ್ಲಿ ಇರುವ, ಶೇಂಗಾದಲ್ಲಿ ಇಲ್ಲದ ಒಂದು ಅಂಶವೆಂದರೆ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು. ಅಕ್ರೋಟ್ 100 ಗ್ರಾಂಗೆ ಸುಮಾರು 9 ಗ್ರಾಂ, ಅಗಸಿಯಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ಅಗಸಿ ಹಿಂಡಿ (ಚಟ್ನಿಪುಡಿ) ನಮ್ಮ ಡಬ್ಬಿಯಲ್ಲಿ ಯಾವತ್ತೂ ಇದ್ದೇ ಇದೆ. ಅಂದರೆ ಶೇಂಗಾ ಮತ್ತು ಅಗಸಿ ಎರಡೂ ಸೇರಿದರೆ ಅಂಗಡಿಯ ಮಿಶ್ರಣದ ಹತ್ತಿರ ಬರುತ್ತೇವೆ. ಗುರೆಳ್ಳು ಹಿಂಡಿಯೂ ರುಚಿಗೆ ಇರಲಿ, ಆದರೆ ಒಮೆಗಾ-3 ಅದರಲ್ಲಿಲ್ಲ.

ಇಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿಷಯವಿದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬದಾಮಿ ತಿಂದವರ ಮೈಗೆ ನಿಜವಾಗಿ ಎಷ್ಟು ಕ್ಯಾಲೊರಿ ಸೇರುತ್ತದೆ ಎಂದು ಅಳೆದರು. ಲೇಬಲ್ ಲೆಕ್ಕದಲ್ಲಿ 28 ಗ್ರಾಂಗೆ 170ರ ಹತ್ತಿರ, ಮೈಗೆ ಸೇರಿದ್ದು 129. ನಾವು ಎಷ್ಟೇ ಅಗಿದರೂ ಬೀಜದ ಜೀವಕೋಶಗಳ ಗೋಡೆ ಪೂರ್ತಿ ಒಡೆಯುವುದಿಲ್ಲ, ಒಳಗೆ ಸಿಕ್ಕಿಕೊಂಡ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಅದೇ ಬದಾಮಿಯನ್ನು ಬೆಣ್ಣೆಯಂತೆ ನುಣ್ಣಗೆ ಅರೆದು ಕೊಟ್ಟಾಗ ಕ್ಯಾಲೊರಿಯೆಲ್ಲ ಮೈಗೆ ಸೇರಿತು. ಅಗಸಿಯದು ತಿರುಗುಮುರುಗು. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯ ಕಾರಣ ಜೀರ್ಣವಾಗದೆ ಹೋಗುತ್ತದೆ, ಕುಟ್ಟಿದರೇ ಉಪಯೋಗ. ಹಾಗಾಗಿ ನಮ್ಮ ಮನೆಯ ನಿಯಮ ಈಗ ಹೀಗಿದೆ: ಶೇಂಗಾ ಇಡಿ ಕಾಳು, ಅಗಸಿ ಹಿಂಡಿ.

ಹುರಿಯುವ ಕೆಲಸ ಅವ್ವನದೇ. ಮೊದಲು ಮೊರದಲ್ಲಿ ಹರವಿ ಆರಿಸುತ್ತಾಳೆ. ಸುಕ್ಕುಗಟ್ಟಿದ್ದು, ಕರ್ರಗಾದದ್ದು, ಹಸಿರು ಬೂಷ್ಟು ಹತ್ತಿದ್ದು ಪಕ್ಕಕ್ಕೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಪಿತ್ತಜನಕಾಂಗಕ್ಕೆ ಬಹಳ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿ ಹತ್ತಿದ ಕಾಳನ್ನು ಬಾಯಿಂದ ಉಗುಳಿಬಿಡಬೇಕು. ಆಮೇಲೆ ಹೆಂಚಿನ ಮೇಲೆ ಸಣ್ಣ ಉರಿ, ಎಣ್ಣೆ ಇಲ್ಲ, ಕೈ ಬಿಡದೆ ಆಡಿಸುವುದು. ಚಟಚಟ ಸದ್ದು ಶುರುವಾಗಿ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ ಮೂಡಿದಾಗ ಇಳಿಸುತ್ತಾಳೆ. ಕೆಂಪು ಸಿಪ್ಪೆ ತಿಕ್ಕಿ ಊದುವುದನ್ನು ಮಾತ್ರ ಬಿಡಿಸಿದ್ದೇನೆ, ಪಾಲಿಫಿನಾಲ್ ಎಂಬ ಸಸ್ಯಜನ್ಯ ಆಂಟಿಆಕ್ಸಿಡೆಂಟ್‌ಗಳು ಹೆಚ್ಚಿರುವುದು ಆ ಸಿಪ್ಪೆಯಲ್ಲೇ.

ಉಪ್ಪಿನ ಲೆಕ್ಕವೂ ಹಾಕಿದೆವು. ಕಾಲು ಕಿಲೋ ಕಾಳಿನ ಹಿಂಡಿಗೆ ಎರಡು ಚಹಾ ಚಮಚ ಉಪ್ಪು ಬಿದ್ದರೆ, 30 ಗ್ರಾಂ ಹಿಂಡಿಯಲ್ಲೇ ಒಂದು ಗ್ರಾಂಗಿಂತ ಹೆಚ್ಚು ಉಪ್ಪು ಹೊಟ್ಟೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂ ಒಳಗೆ. ಒಂದು ಚಮಚಕ್ಕೆ ಇಳಿಸಿ ಬಳ್ಳೊಳ್ಳಿ, ಜೀರಗಿ ಜಾಸ್ತಿ ಮಾಡಿದೆವು. ರೊಟ್ಟಿಯ ಜೊತೆ ಯಾರಿಗೂ ಸಪ್ಪೆ ಅನಿಸಲಿಲ್ಲ.

ಹಬ್ಬದ ದಿನ ಶಂಕರಪೋಳಿ, ಚಕ್ಕುಲಿ ಎಲ್ಲ ತಿಂದೆ. ರಕ್ತಪರೀಕ್ಷೆಯನ್ನು ಮಾತ್ರ ಹಬ್ಬ ಮುಗಿದು ಊಟ ಸರಿದಾರಿಗೆ ಬಂದ ಮೇಲೆ ಇಟ್ಟುಕೊಂಡೆ. ಟ್ರೈಗ್ಲಿಸರೈಡ್ ಹಿಂದಿನ ಕೆಲವು ದಿನಗಳ ತಿನಿಸನ್ನೂ ಹೇಳಿಬಿಡುತ್ತದೆ.

ಎಳ್ಳಮವಾಸ್ಯೆ ಆದ ಮೇಲೆ

ಹೊಸ ರಿಪೋರ್ಟ್: ಟ್ರೈಗ್ಲಿಸರೈಡ್ 168, ಎಚ್‌ಡಿಎಲ್ 38, ಎಲ್‌ಡಿಎಲ್ 129, ಎಚ್‌ಬಿಎ1ಸಿ 5.9, ಸೊಂಟ 94. ಸೊಂಟವನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ತುದಿಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಎರಡು ಸಲವೂ ಹಾಗೇ ಅಳೆದಿದ್ದೇನೆ.

ಖುಷಿ ಇದೆ, ಆದರೆ ಇದೆಲ್ಲ ಶೇಂಗಾದ ಪ್ರತಾಪ ಎಂದು ನಾನು ಹೇಳುವುದಿಲ್ಲ. 2010ರಲ್ಲಿ 25 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನಟ್ಸ್‌ನಿಂದ ಎಲ್‌ಡಿಎಲ್ ಇಳಿದದ್ದು ಸರಾಸರಿ ಶೇ 7.4, ಅದೂ ದಿನಕ್ಕೆ 67 ಗ್ರಾಂ ತಿಂದವರಲ್ಲಿ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿದದ್ದು ಮೊದಲೇ ಹೆಚ್ಚಿದ್ದವರಲ್ಲಿ ಮಾತ್ರ. ನಾನು ತಿನ್ನುವುದು ಅದರ ಅರ್ಧಕ್ಕಿಂತ ಕಡಿಮೆ, ಮೇಲಾಗಿ ಎಲ್‌ಡಿಎಲ್ ತಾನಾಗಿಯೇ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಇಷ್ಟು ಏರಿಳಿಯಬಲ್ಲದು. ಸಕ್ಕರೆಯ ಮೇಲೆ ನಟ್ಸ್‌ನ ಪರಿಣಾಮ ಇನ್ನೂ ಸಣ್ಣದು, ಎಲ್ಲ ಪ್ರಯೋಗಗಳಲ್ಲೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಕೆಲಸ ಮಾಡಿದ್ದು ಸಂಜೆಯ ಎಣ್ಣೆ-ಮೈದಾ-ಸಕ್ಕರೆ ಹೋದದ್ದು. ಶೇಂಗಾ ಆ ಜಾಗವನ್ನು ಹಸಿವಿಲ್ಲದಂತೆ ತುಂಬಿತು. ಭಜಿಯನ್ನೂ ತಿಂದು ಮೇಲೆ ಬದಾಮಿಯನ್ನೂ ತಿಂದರೆ ಈ ಅಂಕಿಗಳು ಬರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅನಿಸಿಕೆ. ನೆರೆಮನೆಯ ಕಾಕಾ ಕೇಳಿದಾಗಲೂ ಇದನ್ನೇ ಹೇಳಿದೆ: "ಕಾಕಾ, ಏನ್ ಬಿಡ್ತೀರಿ ಅದನ್ನ ಮೊದಲ ಹೇಳ್ರಿ, ಆಮ್ಯಾಲ ಏನ್ ತಿನ್ನಬೇಕು ನೋಡೂಣು." ಅವರು ಬಿಪಿ ಗುಳಿಗೆ ತಗೊಳ್ಳುವವರು. ಅದನ್ನು ಬಿಡಬಾರದೆಂದೂ, ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ದಿನಾ ನಟ್ಸ್ ಶುರು ಮಾಡಬಾರದೆಂದೂ ಹೇಳಿದ್ದೇನೆ. ಶೇಂಗಾ ಒಗ್ಗದೆ ಮೈಮೇಲೆ ದದ್ದು ಏಳುವವರಿಗಂತೂ ಇದು ಬೇಡವೇ ಬೇಡ.

ಹಬ್ಬದ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿ ಹೊಲದಲ್ಲಿ ಕೂತು ಉಂಡ ಭಜ್ಜಿ, ಸಜ್ಜಿ ರೊಟ್ಟಿ ನೋಡಿದ ಮೇಲೆ ಮುಂದಿನ ಹಂತ ಹೊಳೆದಿದೆ. ಹಸಿ ತೊಗರಿ, ಅವರೆ, ಬಟಾಣಿ, ಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಆ ಭಜ್ಜಿಯನ್ನು ವರ್ಷಕ್ಕೊಮ್ಮೆ ಮಾತ್ರ ಯಾಕೆ ಮಾಡಬೇಕು? ರಾತ್ರಿಯ ಅನ್ನವನ್ನು ಅರ್ಧ ಮಾಡಿ, ಸಿಗುವ ಕಾಳು-ಸೊಪ್ಪು ಹಾಕಿ ವಾರದಲ್ಲಿ ಕೆಲವು ದಿನ ಅದನ್ನೇ ಮಾಡಿ ನೋಡುತ್ತೇವೆ. ಸಂಜೆಯ ಶೇಂಗಾ ಹಾಗೇ ಮುಂದುವರಿಯುತ್ತದೆ. ಯುಗಾದಿ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿ ಅಂಕಿಗಳನ್ನು ಇಲ್ಲೇ ಬರೆಯುತ್ತೇನೆ. ಈ ಸಲ ಅವ್ವನ ರಕ್ತದೊತ್ತಡವನ್ನೂ ಸೇರಿಸುತ್ತೇನೆ, ಅವಳು ಒಪ್ಪಿದ್ದಾಳೆ.