ಟೀವಿಗೆ ಪಿಸಿ ಸಿಗ್ಸಿದ್ವಿ

ಇವತ್ತು ಹಾಲ್‌ನ 55 ಇಂಚ್ ಟೀವಿಗೆ ತಮ್ಮನ ಪಿಸಿ ಸಿಗ್ಸಿದ್ವಿ ಗುರು.
ಮೌಸ್ ಅಲ್ಲಾಡಿಸಿದ್ರೆ ಕರ್ಸರ್ ಒಂಚೂರು ತಡವಾಗಿ, ನಿದ್ದೆಗಣ್ಣಲ್ಲಿ ಎದ್ದೋರ ಥರ ಹಿಂದೆ ಹಿಂದೆ ಬರ್ತಿತ್ತು. ಟೀವಿ ಸೆಟ್ಟಿಂಗ್ಸಲ್ಲಿ ಗೇಮ್ ಮೋಡ್ ಆನ್ ಮಾಡಿದ್ದೇ ತಡ, ಚುರುಕಾಯ್ತು. ಅದಿಲ್ದಿದ್ರೆ ಟೀವಿ ಪ್ರತಿ ಫ್ರೇಮ್‌ಗೂ ಮೇಕಪ್ ಮಾಡಿ ಆಮೇಲೆ ತೋರ್ಸುತ್ತೆ, ಸಿನಿಮಾ ನೋಡೋವಾಗ ಅದು ಯಾರಿಗೆ ಗೊತ್ತಾಗುತ್ತೆ, ಗೇಮಲ್ಲಿ ಗುಂಡು ಹಾರಿಸೋವಾಗ್ಲೇ ಗೊತ್ತಾಗೋದು.

4ಕೆ ಆದ್ರೂ ಈ ಸೈಜಲ್ಲಿ ಇಂಚಿಗೆ ಸುಮಾರು 80 ಪಿಕ್ಸೆಲ್ ಅಷ್ಟೇ, ಹತ್ರ ಕೂತ್ರೆ ಅಕ್ಷರ ಒರಟೊರಟು, ಸೋಫಾಗೆ ಸರಿದ್ರೆ ಮಜಾ.

ಕಾರ್ ರೇಸ್‌ಗೆ ಇನ್ನೇನ್ ಬೇಕು ಹೇಳಿ. ಶೂಟಿಂಗ್ ಗೇಮ್‌ಗೆ ಮಾತ್ರ ನಂಗೆ ಸಣ್ಣ ಮಾನಿಟರೇ ಸರಿ, ಇಲ್ಲಿ ಮೂಲೇಲಿರೋ ಮ್ಯಾಪ್ ನೋಡೋಕೆ ಕತ್ತು ತಿರುಗಿಸ್ಬೇಕು, ಅಷ್ಟ್ರಲ್ಲಿ ಎದುರುಗಡೆಯೋನು ಹೊಡೆದಿರ್ತಾನೆ.
ಎಂಟೂವರೆಗೆ ಅಮ್ಮನ ಸೀರಿಯಲ್ಲು, ರಿಮೋಟ್ ಆಗ್ಲೇ ಅವ್ರ ಕೈಲಿದೆ 😅