‘ಬ್ಯಾಂಕ್ ಹೋದಾಗ ಹೇಗೆ ತಡ್ಕೊಂಡ್ರಿ ಮಾರಾಯ್ರೆ?’

ಉಡುಪಿ ಕಡೆ ಮದುವೆ ಊಟಕ್ಕೆ ಕೂತರೆ ಸಾಕು, ಪಕ್ಕದ ಎಲೆಯವರು ಈ ಪ್ರಶ್ನೆ ಕೇಳುತ್ತಾರೆ. ಸಾರು ಬರುವುದರೊಳಗೆ ಉತ್ತರ ಮುಗಿಸಬೇಕು. ಹಾಗಾಗಿ "ಅಭ್ಯಾಸ ಆಯ್ತು" ಅಂತ ಹೇಳಿ ಉಪ್ಪಿನಕಾಯಿ ಕಡೆ ನೋಡುತ್ತೇನೆ. ನಿಜವಾದ ಉತ್ತರ ಸ್ವಲ್ಪ ಉದ್ದ ಉಂಟು.

ಹೊರಗಿನವರಿಗೆ ಒಂದು ಮಾತು. 1931ರಲ್ಲಿ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಉಡುಪಿಯಲ್ಲೇ ಹುಟ್ಟಿದ ಎರಡು, 1906ರ ಕಾರ್ಪೊರೇಷನ್ ಮತ್ತು 1925ರ ಸಿಂಡಿಕೇಟ್, ಮುಂದಿನ ವರ್ಷ ಅದೇ ತಾರೀಕಿಗೆ ಹೋದವು. ಒಂದು ಯೂನಿಯನ್ ಬ್ಯಾಂಕಿಗೆ, ಇನ್ನೊಂದು ಕೆನರಾಕ್ಕೆ. ಈ ಎರಡರಲ್ಲೊಂದು ನಾನು ಕೆಲಸ ಮಾಡುತ್ತಿದ್ದ ಬ್ಯಾಂಕು.

ಹೋದ ದಿನ ಅಷ್ಟೇನೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಅದಕ್ಕೆ ಮುಂಚಿನ ಏಳು ತಿಂಗಳು. 2019ರ ಆಗಸ್ಟ್ 30ಕ್ಕೆ ಟಿವಿಯಲ್ಲಿ ಸುದ್ದಿ ಬಂತು. ಅವತ್ತಿಂದ ಶುರು. ಲಕ್ನೋಗೆ ವರ್ಗವಂತೆ. ಶಾಖೆ ಮುಚ್ಚುತ್ತಾರಂತೆ. ಸೀನಿಯಾರಿಟಿ ಹೋಗುತ್ತದಂತೆ. ರಾತ್ರಿ ಒಂದು ಗಂಟೆಯವರೆಗೆ ವಾಟ್ಸಾಪ್‌ನಲ್ಲಿ ಬರೀ ‘ಅಂತೆ’.

ಆಗ ಮಲ್ಪೆಯ ಬೋಟಿನವರೊಬ್ಬರು, ನಮ್ಮ ಹಳೇ ಗ್ರಾಹಕರು, ಕೌಂಟರಿನಲ್ಲಿ ನಿಂತು ಹೇಳಿದರು: "ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ನಮಗೆ ಸಂಪಾದನೆ ಇಲ್ಲ. ಆದ್ರೂ ತಲೆಬಿಸಿ ಇಲ್ಲ. ಮುಗಿಯುವ ತಾರೀಕು ಗೊತ್ತುಂಟಲ್ಲ, ಬಲೆ ರಿಪೇರಿ ಮಾಡಿಕೊಂಡು ಇರ್ತೇವೆ. ತಲೆಬಿಸಿ ಆಗುವುದು ಕಡಲಿಗೆ ಹೋದ ಬೋಟು ವಯರ್‌ಲೆಸ್‌ಗೆ ಸಿಗದಿದ್ದಾಗ."

ಇದನ್ನೇ 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 45 ಜನರ ಕೈಗೆ ಸಣ್ಣ ಶಾಕ್ ಕೊಟ್ಟು ನೋಡಿದ್ದರು ಅಂತ ಆಮೇಲೆ ಓದಿದೆ. ಶಾಕ್ ಬಂದೇ ಬರುತ್ತದೆ ಅಂತ ಗೊತ್ತಿದ್ದಾಗಿಗಿಂತ, ಬರುವುದೋ ಇಲ್ಲವೋ ಅಂತ ಅರ್ಧಕ್ಕರ್ಧ ಅನುಮಾನ ಇದ್ದಾಗಲೇ ಒತ್ತಡ ಜಾಸ್ತಿಯಂತೆ. ಮಲ್ಪೆಗೆ ಬಂದಿದ್ದರೆ ಶಾಕ್ ಖರ್ಚು ಉಳಿಯುತ್ತಿತ್ತು!

ನಾನು ಏನು ಮಾಡಿದೆ? ಬ್ಯಾಂಕಿನ ಬುದ್ಧಿಯನ್ನೇ ಬಳಸಿದೆ. ಒಂದು ಮೊತ್ತ ಯಾವ ಖಾತೆಗೆ ಸೇರಬೇಕು ಅಂತ ಗೊತ್ತಾಗದಿದ್ದರೆ ನಾವು ಅದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಅದಕ್ಕೋಸ್ಕರ ಇಡೀ ದಿನದ ಲೆಕ್ಕ ನಿಲ್ಲಿಸುವುದಿಲ್ಲ. ಒಂದು ಹಳೇ ಡೈರಿಯ ಹಿಂದಿನ ಪುಟದಲ್ಲಿ ನನ್ನ ಸಸ್ಪೆನ್ಸ್ ಅಕೌಂಟ್ ತೆರೆದೆ. ‘ಲಕ್ನೋ’ ಅಂತ ಬರೆದು, ತಾರೀಕು ಹಾಕಿ ಮುಚ್ಚುವುದು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಅವತ್ತು ಮಾತ್ರ ತೆರೆದು, ಅರ್ಧ ಗಂಟೆ ಬೇಕಾದಷ್ಟು ಹೆದರುವುದು. ಚಿಂತೆಗೆ ಹೀಗೆ ಹೊತ್ತು ಗೊತ್ತು ಮಾಡುವುದನ್ನು ಮನಶ್ಶಾಸ್ತ್ರದವರೂ ಹೇಳಿಕೊಡುತ್ತಾರೆ. ಮೊದಲ ತಿಂಗಳು ಏನೂ ಉಪಯೋಗ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನವೆಂಬರಿಗೆ ನೋಡಿದರೆ ಅರ್ಧ ‘ಅಂತೆ’ಗಳು ತಾವಾಗಿಯೇ ಸತ್ತಿದ್ದವು. ಅವುಗಳ ಮೇಲೆ ಕೆಂಪು ಗೀಟು ಎಳೆದೆ.

ಅಮ್ಮನ ದಾರಿ ಬೇರೆ. ಕೋಲದ ರಾತ್ರಿ ನನ್ನ ವಿಷಯ ದೈವದ ಮುಂದೆ ಇಟ್ಟರು. "ನಾನಿದ್ದೇನೆ" ಅಂತ ಅಭಯ ಸಿಕ್ಕಿತು. ವರ್ಗ ಎಲ್ಲಿಗೆ ಅಂತ ದೈವವೂ ಹೇಳಲಿಲ್ಲ. ಆದರೂ ಅಮ್ಮ ಅವತ್ತು ಗಡದ್ದು ನಿದ್ದೆ ಮಾಡಿದರು. ನನ್ನ ಡೈರಿಗೆ ಆ ಶಕ್ತಿ ಇರಲಿಲ್ಲ.

ಎಲ್ಲರಿಗೂ ಡೈರಿ ಸಾಕಾಗುವುದೂ ಇಲ್ಲ. ಜೊತೆಗಿದ್ದ ಒಬ್ಬರಿಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ, ಡಾಕ್ಟರ ಹತ್ತಿರ ಹೋಗಿ ಮಾತ್ರೆ ತೆಗೆದುಕೊಂಡರು, ಚೇತರಿಸಿಕೊಂಡರು. ಈಗಾದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡುತ್ತಾರೆ.

ಹೆಸರು ಹೋದ ದುಃಖ ಮಾತ್ರ ಬೇರೆ ಜಾತಿಯದ್ದು. ಅದು ಚಿಂತೆ ಅಲ್ಲ, ಆದ್ದರಿಂದ ಡೈರಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಎಷ್ಟೋ ತಿಂಗಳು ಫೋನ್ ಎತ್ತಿದರೆ ಬಾಯಿಗೆ ಹಳೇ ಹೆಸರೇ ಬರುತ್ತಿತ್ತು. ಆಚೆ ಬದಿಯವರೂ ತಿದ್ದಲಿಲ್ಲ.

ಲಕ್ನೋ ಬರಲಿಲ್ಲ. ಶಾಖೆ ಮಾತ್ರ ಎದುರಿನ ಶಾಖೆಗೆ ಸೇರಿತು. ಡೈರಿಯಲ್ಲಿ ಒಂದೇ ಒಂದು ಎಂಟ್ರಿ ಇನ್ನೂ ಗೀಟು ಇಲ್ಲದೆ ಕೂತಿದೆ: ‘ಮಾರ್ಚ್ 31, ಬೋರ್ಡಿನ ಕೆಳಗೆ ಎಲ್ಲರೂ ಫೋಟೊ.’ ಅವತ್ತು ಲಾಕ್‌ಡೌನ್. ನಾವು ಬಂದವರು ನಾಲ್ಕೇ ಜನ.